ಹೈಬ್ರಿಡ್ ಕಾರಿನ ಟ್ಯಾಂಕ್ ಎಷ್ಟು ಹಿಡಿಯುತ್ತೆ, ಪಂಪ್ ಎಷ್ಟು ಹಾಕುತ್ತೆ: ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

"ಕಂಪನಿ 45 ಲೀಟರ್ ಅಂತ ಹೇಳೈತಿ, ಪಂಪಿನವ 46 ಲೀಟರ್ ಹಾಕ್ಯಾನ. ಹೆಂಗ್ ಸಾಧ್ಯರೀ?" ಹುಬ್ಬಳ್ಳಿಯಲ್ಲಿ ಹೈಬ್ರಿಡ್ ಕಾರು ತಗೊಂಡವರ ಹತ್ತಿರ ಎರಡು ನಿಮಿಷ ನಿಂತರೆ ಈ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಆ ಪಂಪಿನಾಗ ಹಾಕಿಸಿದ್ರ ಮೈಲೇಜ್ ಬರಂಗಿಲ್ಲ ನೋಡ್ರಿ."

ಮೊದಲನೆಯದಕ್ಕೆ ಮೋಸವೇ ಕಾರಣ ಆಗಿರಬೇಕಿಲ್ಲ. ಎರಡನೆಯದನ್ನು ಬರೀ ಮೈಲೇಜ್ ನೋಡಿ ಹೇಳೋಕೆ ಆಗಲ್ಲ, ಹೈಬ್ರಿಡ್ ಕಾರಿನಲ್ಲಂತೂ ಸಾಧ್ಯವೇ ಇಲ್ಲ. ಪಂಪಿನ ಮೇಲೆ ಅನುಮಾನ ಇದ್ದರೆ ಮೈಲೇಜ್ ಬಿಡಿ, ಪಂಪ್ ತೋರಿಸಿದ ಲೀಟರನ್ನು ಕಾರು ಲೆಕ್ಕ ಹಾಕಿದ ಲೀಟರಿನ ಜೊತೆ ಹೋಲಿಸಿ. ಅದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಟ್ಯಾಂಕಿನ ವಿಷಯ

ನಮ್ಮ ಕಡೆ ಜಾಸ್ತಿ ಕಾಣುವ, ಪೆಟ್ರೋಲ್ ಎಂಜಿನ್ ಬಂದ್ ಮಾಡಿ ಬ್ಯಾಟರಿ ಮೇಲೂ ಓಡುವ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್‌ಗೆ 45 ಲೀಟರ್ ಟ್ಯಾಂಕ್, ಹೋಂಡಾ ಸಿಟಿ ಹೈಬ್ರಿಡ್‌ಗೆ 40, ಇನೋವಾ ಹೈಕ್ರಾಸ್‌ಗೆ 52. ಇವು ಕಂಪನಿ ಹೇಳುವ ಅಂಕಿಗಳು. ಟ್ಯಾಂಕಿನ ಮೂತಿವರೆಗೆ ತುಂಬಿದರೆ ಹಿಡಿಯುವ ಅಳತೆ ಇದಲ್ಲ. ಸೇರಿನ ಬಾಯಿಗೆ ಮಟ್ಟ ಮಾಡಿ ಅಳೆದ ಜೋಳ ಬೇರೆ, ರಾಶಿ ಏರಿಸಿ ಅಳೆದ ಜೋಳ ಬೇರೆ, ಅಲ್ವಾ? ಇಲ್ಲೂ ಹಾಗೇ. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಗೆ ಅಂತ ಜಾಗ ಬಿಟ್ಟಿರುತ್ತಾರೆ. ಪೆಟ್ರೋಲ್ ಹಾಕುವ ಕೊಳವೆಯಲ್ಲೂ ಒಂದಿಷ್ಟು ನಿಲ್ಲುತ್ತದೆ. ಕುತ್ತಿಗೆವರೆಗೆ ಹಾಕಿಸಿದರೆ ಪುಸ್ತಕದಲ್ಲಿರುವ ಅಂಕಿಗಿಂತ ಕೆಲವು ಲೀಟರ್ ಜಾಸ್ತಿ ಹೋಗಬಹುದು.

ಆ ಜಾಗ ಸುಮ್ನೆ ಬಿಟ್ಟಿದ್ದಲ್ಲ. ಪೆಟ್ರೋಲ್ ಪ್ರತಿ ಒಂದು ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಶೇ. 0.1ರಷ್ಟು ಹಿಗ್ಗುತ್ತದೆ. ನೆಲದಡಿಯ ತಣ್ಣನೆ ಟ್ಯಾಂಕಿನಿಂದ ಬಂದ 40 ಲೀಟರ್ ಪೆಟ್ರೋಲ್, ಏಪ್ರಿಲ್ ತಿಂಗಳ ಗದಗ ಬಿಸಿಲಿನಲ್ಲಿ ನಿಂತ ಕಾರಿನೊಳಗೆ 10 ಡಿಗ್ರಿ ಏರಿತು ಅಂದುಕೊಳ್ಳಿ. ಅಷ್ಟಕ್ಕೇ 400 ಮಿಲಿ ಹೆಚ್ಚಾಯಿತು. ಅದು ಎಲ್ಲಿಗೆ ಹೋಗಬೇಕು?

ಕುತ್ತಿಗೆವರೆಗೆ ತುಂಬಿಸಿದರೆ ಅದು ಹೋಗುವುದು ಇದ್ದಿಲು ಡಬ್ಬಿಯ ಕಡೆಗೆ. ಪೆಟ್ರೋಲ್ ಆವಿ ಗಾಳಿಗೆ ಹೋಗದಂತೆ ಹೀರಿಕೊಳ್ಳೋಕೆ ಕಾರಿನಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಅಂತಾರೆ. ಅದು ಆವಿಗೆ ಮಾಡಿದ್ದು, ದ್ರವಕ್ಕಲ್ಲ. ಹೀರಿದ ಆವಿಯನ್ನು ಎಂಜಿನ್ ಓಡುವಾಗ ಎಳೆದುಕೊಂಡು ಸುಡುತ್ತದೆ. ಮಾಮೂಲಿ ಕಾರಿನಲ್ಲಿ ಎಂಜಿನ್ ಇಡೀ ಹೊತ್ತು ಓಡುತ್ತದೆ, ಡಬ್ಬಿ ಬೇಗ ಖಾಲಿಯಾಗುತ್ತದೆ. ಹೈಬ್ರಿಡ್‌ನಲ್ಲಿ ಹೊಸೂರು ಸರ್ಕಲ್‌ನಿಂದ ಉಣಕಲ್ ತನಕ ಸಿಗ್ನಲ್ ಸಿಗ್ನಲ್‌ಗೂ ಎಂಜಿನ್ ಬಂದ್ ಆಗಿ ಕಾರು ಬ್ಯಾಟರಿ ಮೇಲೇ ಹೋಗುತ್ತಿರುತ್ತದೆ, ಹಾಗಾಗಿ ಡಬ್ಬಿ ಖಾಲಿಯಾಗೋಕೆ ಸಿಗುವ ಸಮಯವೇ ಕಡಿಮೆ. ಆದ್ದರಿಂದ ಟ್ಯಾಂಕ್ ತುಂಬಿಸುವ ಶಿಸ್ತು ಬೇರೆ ಕಾರಿಗಿಂತ ಹೈಬ್ರಿಡ್‌ಗೆ ಜಾಸ್ತಿ ಬೇಕು.

ಹೈಬ್ರಿಡ್ ಟ್ಯಾಂಕಿನ ಬಗ್ಗೆ ಅಮೆರಿಕದ ಕಡೆಯ ದೂರುಗಳನ್ನು ಓದಿ ಇಲ್ಲಿ ತಲೆ ಕೆಡಿಸಿಕೊಳ್ಳುವವರೂ ಇದ್ದಾರೆ. ಅಲ್ಲಿನ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ (2004ರಿಂದ 2009ರ ಮಾಡೆಲ್‌ಗಳು) ಟ್ಯಾಂಕಿನೊಳಗೆ ಬಲೂನಿನ ಥರ ಹಿಗ್ಗಿ ಕುಗ್ಗುವ ಒಂದು ಚೀಲ ಇತ್ತು. ಆವಿ ಕಡಿಮೆ ಆಗಲಿ ಅಂತ ಇಟ್ಟಿದ್ದು. ಚಳಿಗಾಲದಲ್ಲಿ ಅದು ಬಿರುಸಾಗಿ ಪೂರ್ತಿ ಹಿಗ್ಗುತ್ತಿರಲಿಲ್ಲ, ಟ್ಯಾಂಕ್ ಕಡಿಮೆ ಹಿಡಿಯುತ್ತಿತ್ತು. ಮುಂದಿನ ತಲೆಮಾರಿನಲ್ಲಿ ಟೊಯೋಟಾ ಅದನ್ನು ಕೈಬಿಟ್ಟಿತು. ಮೇಲೆ ಹೇಳಿದ ನಮ್ಮ ಕಾರುಗಳಲ್ಲಿ ಆ ಚೀಲ ಇಲ್ಲ.

ಹೆಜ್ಜೆ 1: ಒಂದೇ ಥರ ತುಂಬಿಸಿ

ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ನಾಜಲ್ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಅಥವಾ ಅದರ ನೊರೆ ಆ ತೂತನ್ನು ಮುಚ್ಚಿದ ಕೂಡಲೇ ಗಾಳಿ ಎಳೆಯುವುದು ನಿಂತು ನಾಜಲ್ ಟಕ್ ಅಂತ ಕಟ್ ಆಗುತ್ತದೆ. ಅಂದರೆ ಕಟ್ ಆಗುವುದು ಟ್ಯಾಂಕ್ ತುಂಬಿದ್ದಕ್ಕಲ್ಲ, ತೂತು ಮುಚ್ಚಿದ್ದಕ್ಕೆ. ಜೋರಾಗಿ ಬಿಟ್ಟರೆ ನೊರೆ ಎದ್ದು ಬೇಗ ಕಟ್ ಆಗುತ್ತದೆ, ನಿಧಾನ ಬಿಟ್ಟರೆ ತಡವಾಗಿ. ನಾಜಲ್ ಎಷ್ಟು ಒಳಗೆ ಹೋಗಿದೆ ಅನ್ನುವುದರ ಮೇಲೂ, ಕಾರು ಯಾವ ಕಡೆ ವಾಲಿ ನಿಂತಿದೆ ಅನ್ನುವುದರ ಮೇಲೂ ಅರ್ಧ ಲೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ ಹೆಚ್ಚುಕಮ್ಮಿ ಆಗುತ್ತದೆ. ನಮ್ಮ ಎಷ್ಟೋ ಪಂಪುಗಳ ಅಂಗಳ ನೀರು ಹರಿದು ಹೋಗಲಿ ಅಂತ ಇಳಿಜಾರಾಗಿಯೇ ಇರುತ್ತದೆ, ಗಮನಿಸಿ ನೋಡಿ.

ಹಾಗಾಗಿ ಆದಷ್ಟು ಒಂದೇ ಪಂಪು, ಒಂದೇ ನಾಜಲ್, ಕಾರು ನಿಲ್ಲಿಸುವ ದಿಕ್ಕೂ ಒಂದೇ. ಕಾರಿನಿಂದ ಇಳಿದು ಸೊನ್ನೆ ನೋಡಿ. ಮೊದಲ ಕಟ್‌ಗೆ ನಿಲ್ಲಿಸಿ. ಹುಡುಗ ಕೇಳಿಯೇ ಕೇಳುತ್ತಾನೆ: "ಸರ, ಇನ್ನೊಂದ್ ಸ್ವಲ್ಪ ಹಿಡಿತೈತ್ರಿ, ರೌಂಡ್ ಮಾಡ್ಲೇನ್ರಿ?" "ಬ್ಯಾಡ ತಮ್ಮಾ, ಕಟ್ ಆತಲ್ಲ, ಸಾಕು" ಅಂದುಬಿಡಿ. 2,743 ರೂಪಾಯಿಯನ್ನು 2,800 ಮಾಡುವ ಆಸೆ ಪಂಪಿನವರಿಗಿಂತ ನಮಗೇ ಜಾಸ್ತಿ ಇರುತ್ತದೆ, ಯುಪಿಐ ಬಂದ ಮೇಲೂ ಈ ಚಟ ಯಾಕೆ ಹೋಗಿಲ್ಲವೋ ಗೊತ್ತಿಲ್ಲ.

ಬಿಲ್ ತಗೊಳ್ಳಿ. ಅದರಲ್ಲಿ ಲೀಟರ್ ಎರಡು ದಶಮಾಂಶದವರೆಗೆ ಇರುತ್ತದೆ. ಓಡೋಮೀಟರ್ ಅಂಕಿ ಬರೆದುಕೊಳ್ಳಿ, ಟ್ರಿಪ್ ಮೀಟರನ್ನೂ ಡಿಸ್‌ಪ್ಲೇಯ ಸರಾಸರಿ ಮೈಲೇಜನ್ನೂ ಸೊನ್ನೆ ಮಾಡಿ. ಕೆಲವು ಕಾರುಗಳಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಸೊನ್ನೆ ಮಾಡಬೇಕು. ಒಂದು ಮರೆತರೂ ಲೆಕ್ಕ ಕೆಡುತ್ತದೆ.

ಹೆಜ್ಜೆ 2: ಸಾಕಷ್ಟು ಓಡಿಸಿ, ಆಮೇಲೆ ಭಾಗಿಸಿ

ಧಾರವಾಡಕ್ಕೆ ಹೋಗಿ ಬಂದು ಮತ್ತೆ ಫುಲ್ ಮಾಡಿಸಿ "28 ಬಂತು" ಅನ್ನುವುದು ತಮಾಷೆ ಅಷ್ಟೇ. ಹೈಬ್ರಿಡ್ ಕುಡಿಯುವುದೇ ಕಮ್ಮಿ, ಹಾಗಾಗಿ ಸಣ್ಣ ದೂರಕ್ಕೆ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. 100 ಕಿ.ಮೀ. ಓಡಿಸಿ 4.5 ಲೀಟರ್ ಹಾಕಿಸಿದರೆ ಮೈಲೇಜ್ 22.2. ಕಟ್ ಅರ್ಧ ಲೀಟರ್ ಮೊದಲೇ ಆಗಿದ್ದರೆ 25, ಅರ್ಧ ಲೀಟರ್ ತಡ ಆಗಿದ್ದರೆ 20. ಅದೇ 612 ಕಿ.ಮೀ. ಓಡಿಸಿ 27.40 ಲೀಟರ್ ಹಾಕಿಸಿದರೆ 22.3, ಅದೇ ಅರ್ಧ ಲೀಟರ್ ತಪ್ಪಿಗೆ 21.9ರಿಂದ 22.8ರ ಒಳಗೆ ಇರುತ್ತದೆ. ಆದ್ದರಿಂದ ಕನಿಷ್ಠ ಅರ್ಧ ಟ್ಯಾಂಕಾದರೂ ಖಾಲಿಯಾಗುವ ತನಕ ತಡೆಯಿರಿ.

ಇನ್ನೊಂದು ಒಳ್ಳೆಯ ಸಂಗತಿ ಇದೆ. ಈ ಸಲ ಅರ್ಧ ಲೀಟರ್ ಜಾಸ್ತಿ ಹೋಗಿದ್ದರೆ ಮುಂದಿನ ಸಲ ತಾನಾಗೇ ಅಷ್ಟು ಕಡಿಮೆ ಹಿಡಿಯುತ್ತದೆ. ನಾಲ್ಕೈದು ಸಲದ ಕಿಲೋಮೀಟರ್ ಕೂಡಿಸಿ, ಲೀಟರ್ ಕೂಡಿಸಿ, ಆಮೇಲೆ ಭಾಗಿಸಿದರೆ ಈ ತಪ್ಪು ಬಹುಪಾಲು ಅಳಿಸಿಹೋಗುತ್ತದೆ. ಒಂದೊಂದರ ಮೈಲೇಜ್ ತೆಗೆದು ಸರಾಸರಿ ಮಾಡಬೇಡಿ, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರ್‌ನಿಂದ ಭಾಗಿಸಿ.

ಬ್ಯಾಟರಿ ಎಷ್ಟು ಚಾರ್ಜ್ ಇತ್ತು ಅನ್ನುವುದನ್ನೂ ಬರೆದುಕೊಳ್ಳಬೇಕಾ ಅಂತ ಕೇಳುತ್ತಾರೆ. ಬೇಡ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಹೈಬ್ರಿಡ್ ಬ್ಯಾಟರಿ ಸುಮಾರು 0.76 ಕಿಲೋವ್ಯಾಟ್ ಅವರ್, ಅದರಲ್ಲಿ ಅರ್ಧ ಹೆಚ್ಚುಕಮ್ಮಿ ಆದರೂ ಪೆಟ್ರೋಲ್ ಲೆಕ್ಕದಲ್ಲಿ ನೂರು ಮಿಲಿ ಆಸುಪಾಸು. ಪೂರ್ತಿ ಟ್ಯಾಂಕಿನ ಲೆಕ್ಕದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಹಳೆ ಪಿಬಿ ರಸ್ತೆಯಲ್ಲಿ 20 ಕಿ.ಮೀ. ಓಡಿಸಿ ನೋಡುವವರಿಗೆ ಅದೇ ನೂರು ಮಿಲಿ ಮೈಲೇಜನ್ನು ಎರಡು ಮೂರು ಕಿ.ಮೀ. ಮೇಲೆ ಕೆಳಗೆ ಮಾಡಿಬಿಡುತ್ತದೆ. ಅದರ ಮೇಲೆ ಧಾರವಾಡ ಎತ್ತರದಲ್ಲಿದೆ, ಹೋಗುವಾಗ ಏರು, ಬರುವಾಗ ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತದೆ. ಬರುವಾಗಿನ ಫೋಟೋ ಮಾತ್ರ ಸ್ಟೇಟಸ್‌ಗೆ ಹಾಕಿಕೊಳ್ಳುವವರ ಗುಟ್ಟು ಇದೇ.

ಹೆಜ್ಜೆ 3: ಲೀಟರ್‌ಗೆ ಲೀಟರ್ ಹೋಲಿಸಿ

ಇದೇ ಮುಖ್ಯ ಹೆಜ್ಜೆ. ಹೈಬ್ರಿಡ್‌ನ ಮೈಲೇಜ್ ಬಿಡಿಬಿಡಿಯಾಗಿ ನೋಡಿದರೆ ಹುಚ್ಚು ಹಿಡಿಯುತ್ತದೆ. ನವನಗರ, ವಿದ್ಯಾನಗರದ ಟ್ರಾಫಿಕ್‌ನಲ್ಲಿ ಚೆನ್ನಾಗಿ ಕೊಡುವ ಕಾರು ಹಾವೇರಿ ಕಡೆ ಹೆದ್ದಾರಿಯಲ್ಲಿ 110ರಲ್ಲಿ ಬಿಟ್ಟರೆ ಧಡಕ್ಕನೆ ಇಳಿಯುತ್ತದೆ. ಪೆಟ್ರೋಲ್ ಕಾರಿಗೆ ಇದು ಉಲ್ಟಾ. ಎಸಿ, ಮಳೆ, ಟೈರ್ ಗಾಳಿ, ನಾಲ್ಕು ಜನ ಕೂತಿದ್ದು, ಎಲ್ಲವೂ ಸೇರುತ್ತದೆ. ಜೊತೆಗೆ ಈಗ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರ್‌ಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಶೇ. 10 ಬೆರಕೆಯಿಂದ ಶೇ. 20ಕ್ಕೆ ಹೋದರೆ ಶಕ್ತಿಯ ಲೆಕ್ಕದಲ್ಲೇ ಶೇ. 3ರಿಂದ 4 ಕಡಿತ. ಇದಕ್ಕೆಲ್ಲ ಪಂಪಿನವನನ್ನು ಬೈದರೆ ಏನು ಬಂತು?

ಕಾರು ತಾನೂ ಒಂದು ಲೆಕ್ಕ ಇಡುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಿಂದ ಎಷ್ಟು ಪೆಟ್ರೋಲ್ ಹೋಯಿತು ಅಂತ ಅದಕ್ಕೆ ಗೊತ್ತು. ಡಿಸ್‌ಪ್ಲೇ ಮೈಲೇಜ್ ಬರುವುದು ಅದರಿಂದಲೇ. ಈ ಲೆಕ್ಕಕ್ಕೆ ಪಂಪ್ ಯಾವುದು ಅಂತ ಗೊತ್ತಿಲ್ಲ. ಹಾಗಾಗಿ ಟ್ರಿಪ್ ಕಿಲೋಮೀಟರನ್ನು ಡಿಸ್‌ಪ್ಲೇ ಮೈಲೇಜ್‌ನಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ ಡಿಸ್‌ಪ್ಲೇ 23.6 ತೋರಿಸಿತ್ತು ಅಂದುಕೊಳ್ಳಿ. 612 ಭಾಗಿಸು 23.6, ಅಂದರೆ ಕಾರಿನ ಪ್ರಕಾರ 25.93 ಲೀಟರ್ ಖರ್ಚಾಗಿದೆ. ಪಂಪ್ ಹಾಕಿದ್ದು 27.40. ಪಂಪಿನ ಲೀಟರನ್ನು ಕಾರಿನ ಲೀಟರ್‌ನಿಂದ ಭಾಗಿಸಿದರೆ 1.057.

ಇದು 1 ಬರಲಿಲ್ಲ ಅಂತ ಗಾಬರಿ ಬೇಡ. ಡಿಸ್‌ಪ್ಲೇಗಳು ಮೈಲೇಜನ್ನು ಸ್ವಲ್ಪ ಏರಿಸಿ ತೋರಿಸುವುದು ಮಾಮೂಲಿ. ನೋಡಬೇಕಾದ್ದು ಆ ಅಂಕಿ ಎಷ್ಟು ಸ್ಥಿರವಾಗಿದೆ ಅಂತ. ನೀವು ಬೈಪಾಸಿನಲ್ಲಿ ಓಡಿಸಿ, ಊರೊಳಗೆ ಓಡಿಸಿ, ಎಸಿ ಹಾಕಿ, ಬಿಡಿ, ಇದು ಅಷ್ಟಾಗಿ ಅಲುಗಾಡಲ್ಲ, ಏಕೆಂದರೆ ಹೋಲಿಸುತ್ತಿರುವುದು ಲೀಟರ್‌ಗೆ ಲೀಟರ್. ಓಡೋಮೀಟರ್ ತಪ್ಪು ಕೂಡ ಇಲ್ಲಿ ಬರಲ್ಲ, ಕಾರು ಮೈಲೇಜ್ ಲೆಕ್ಕ ಹಾಕಿದ್ದೂ ಅದೇ ಕಿಲೋಮೀಟರ್‌ನಿಂದಲೇ ತಾನೆ.

ನಿಮ್ಮ ಕಾರಿಗೆ ಈ ಅಂಕಿ ಮಾಮೂಲಾಗಿ 1.05, 1.06 ಸುತ್ತ ಇದೆ ಅಂತಿಟ್ಟುಕೊಳ್ಳಿ. ಯಾವುದೋ ಒಂದು ಪಂಪಿನಲ್ಲಿ ಹಾಕಿಸಿದಾಗ ಮಾತ್ರ ಮತ್ತೆ ಮತ್ತೆ 1.11, 1.12 ಬರುತ್ತಿದ್ದರೆ, ಅಂದರೆ ಟ್ಯಾಂಕಿಗೆ ಬಿದ್ದಿದ್ದಕ್ಕಿಂತ ಜಾಸ್ತಿ ಮೀಟರ್ ತೋರಿಸಿದೆ ಅನ್ನುವ ಅನುಮಾನಕ್ಕೆ ಆಧಾರ ಸಿಕ್ಕಿತು. ಒಂದು ಸಲ ಬಂದರೆ ಬಿಟ್ಟುಬಿಡಿ, ಅದು ಕಟ್ ಆಗುವುದರ ಏರುಪೇರು ಇರಬಹುದು. ಇಲ್ಲಿ ಒಂದು ಎಚ್ಚರ: ಆ ಪಂಪಿನಲ್ಲೇ ಎರಡು ಸಲ ಸಾಲಾಗಿ ಮೊದಲ ಕಟ್‌ಗೆ ಫುಲ್ ಮಾಡಿಸಿ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಿರಿ, ಆಗ ನಾಜಲ್ ಬದಲಾದ ತಪ್ಪು ಸೇರಲ್ಲ.

ಇದಕ್ಕೆ ಆ್ಯಪ್ ಏನೂ ಬೇಕಿಲ್ಲ. ತಾರೀಕು, ಟ್ರಿಪ್ ಕಿ.ಮೀ., ಡಿಸ್‌ಪ್ಲೇ ಮೈಲೇಜ್, ಪಂಪಿನ ಲೀಟರ್, ಯಾವ ಪಂಪು. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಸಣ್ಣ ವಹಿ ಇಟ್ಟರೆ ಸಾಕು.

ಹೆಜ್ಜೆ 4: ಓಡೋಮೀಟರ್ ಪರೀಕ್ಷೆ

ನಿಜವಾದ ಮೈಲೇಜ್ ಬೇಕು ಅನ್ನುವವರಿಗೆ ಮಾತ್ರ ಇದು. ಹೊಸ ಟೈರಿನ ಗೀರುಗಳ (ಟ್ರೆಡ್) ಆಳ ಸುಮಾರು 8 ಮಿ.ಮೀ., ಸವೆದಾಗ 2 ಮಿ.ಮೀ. 17 ಇಂಚಿನ 215/60 ಟೈರಿನ ತ್ರಿಜ್ಯ ಹೆಚ್ಚುಕಡಿಮೆ 345 ಮಿ.ಮೀ., ಅದರಲ್ಲಿ 6 ಹೋದರೆ ಶೇ. 1.7 ವ್ಯತ್ಯಾಸ. ಸವೆದ ಟೈರ್ ಜಾಸ್ತಿ ಸುತ್ತುತ್ತದೆ, ಓಡೋಮೀಟರ್ ಜಾಸ್ತಿ ಕಿಲೋಮೀಟರ್ ತೋರಿಸುತ್ತದೆ. "ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು" ಅನ್ನುವವರ ತಲೆನೋವಿಗೆ ಇದೂ ಒಂದು ಕಾರಣ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಾವೇರಿ ಕಡೆ ಹೋಗುವಾಗ ಕಿಲೋಮೀಟರ್ ಕಲ್ಲು ನೋಡಿ ಹೋಲಿಸಬಹುದು. ರಸ್ತೆ ಕೆಲಸ ನಡೆದ ಕಡೆ ಕಲ್ಲು ಕಿತ್ತಿರುತ್ತಾರೆ, ಅಲ್ಲಿ ಮೊಬೈಲ್ ಜಿಪಿಎಸ್ ಸಾಕು. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಕ್ಕೆ ಹೋಗುವ ನೇರ ರಸ್ತೆಯೂ ಇದಕ್ಕೆ ಚೆನ್ನಾಗಿದೆ.

ಹೆಜ್ಜೆ 5: ಐದು ಲೀಟರ್ ಅಳತೆ

ಮೇಲಿನ ಲೆಕ್ಕದಿಂದ ದೊಡ್ಡ ಕಳ್ಳತನ ಕಾಣುತ್ತದೆ, ಸಣ್ಣ ತಪ್ಪು ಕಾಣಲ್ಲ. ಪಂಪಿಗೆ ಕಾನೂನು ಒಪ್ಪುವ ತಪ್ಪು ಶೇ. 0.5. ಐದು ಲೀಟರ್‌ಗೆ 25 ಮಿಲಿ, ಹೆಚ್ಚಿಗೆ ಇರಬಹುದು, ಕಮ್ಮಿ ಇರಬಹುದು. 35 ಲೀಟರ್‌ಗೆ 175 ಮಿಲಿ. ಲೀಟರ್‌ಗೆ 100 ರೂಪಾಯಿ ಅಂತ ಹಿಡಿದರೂ 17 ರೂಪಾಯಿ ಚಿಲ್ಲರೆ. ಇದನ್ನು ಯಾವ ಕಾರಿನ ಟ್ಯಾಂಕಿನಿಂದಲೂ ಹಿಡಿಯೋಕೆ ಆಗಲ್ಲ. ಅದಕ್ಕೆ ಪಂಪಿನಲ್ಲೇ ಇರುವ ಐದು ಲೀಟರ್ ಅಳತೆ ಕ್ಯಾನ್ ಬೇಕು. ಪ್ರತಿ ಪಂಪಿನಲ್ಲೂ ಅದು ಇರಲೇಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು.

ಸಂಜೆ ಆರು ಗಂಟೆಗೆ ಬೈಕಿನವರು ಸಾಲು ಹಚ್ಚಿ ನಿಂತಾಗ ಕೇಳಬೇಡಿ. ಮಧ್ಯಾಹ್ನ ಹೋಗಿ, ಹುಡುಗನ ಹತ್ತಿರ ಜಗಳ ಆಡದೆ ನೇರ ಮ್ಯಾನೇಜರ್ ಹತ್ತಿರ ಕೇಳಿ: "ಸರ, ಐದ್ ಲೀಟರ್ ಅಳತಿ ಒಮ್ಮೆ ತೋರಿಸ್ರಿ." ಕ್ಯಾನ್ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯಾ ನೋಡಿ. ಮಟ್ಟಸ ಜಾಗದಲ್ಲಿ ಇಡಲಿ. ಮೊದಲು ಒಮ್ಮೆ ಪೆಟ್ರೋಲ್ ಹಾಕಿ, ಸುರಿದು, ಒಳಗೋಡೆ ತೊಯ್ಯಲಿ, ಏಕೆಂದರೆ ಒಣ ಕ್ಯಾನಿನ ಗೋಡೆಗೆ ಅಂಟುವ ಪೆಟ್ರೋಲೇ ಕೆಲವು ಮಿಲಿ ಕಮ್ಮಿ ತೋರಿಸುತ್ತದೆ. ಆಮೇಲೆ ಮೀಟರ್ ಸೊನ್ನೆ ಮಾಡಿ ಸರಿಯಾಗಿ 5.00 ಲೀಟರ್ ಹಾಕಿಸಿ. ಕ್ಯಾನಿನ ಕುತ್ತಿಗೆಯಲ್ಲಿ ಗೆರೆ ಇರುತ್ತದೆ. ನೊರೆ ಇಳಿದ ಮೇಲೆ ಕಣ್ಣಿನ ಮಟ್ಟಕ್ಕೆ ಬಗ್ಗಿ ಓದಿ. 25 ಮಿಲಿ ಒಳಗಿದ್ದರೆ ಥ್ಯಾಂಕ್ಸ್ ಹೇಳಿ ಬನ್ನಿ. ಆ ಪೆಟ್ರೋಲ್ ಅವರ ಟ್ಯಾಂಕಿಗೇ ವಾಪಸ್ ಹೋಗುತ್ತದೆ, ನೀವು ದುಡ್ಡು ಕೊಡಬೇಕಿಲ್ಲ.

ಹಾಗಾದರೆ ಕ್ಯಾನ್ ಒಂದೇ ಸಾಕಲ್ಲ, ವಹಿ ಯಾಕೆ? ಇದಕ್ಕೆ ಉತ್ತರ 2017ರ ಏಪ್ರಿಲ್‌ನಲ್ಲಿ ಲಕ್ನೋದಲ್ಲಿ ಸಿಕ್ಕಿತು. ಅಲ್ಲಿ ಪೊಲೀಸರು ಕೆಲವು ಪಂಪುಗಳ ಮೇಲೆ ದಾಳಿ ಮಾಡಿದಾಗ ಯಂತ್ರದೊಳಗೆ ರಿಮೋಟ್‌ನಿಂದ ನಡೆಯುವ ಚಿಪ್‌ಗಳು ಸಿಕ್ಕವು. ಬೇಕಾದಾಗ ಕಡಿಮೆ ಹಾಕುವುದು, ಅಳೆಯೋಕೆ ಯಾರಾದರೂ ಬಂದರೆ ಬಂದ್ ಮಾಡುವುದು. ಅಂಥದ್ದಕ್ಕೆ ಕ್ಯಾನ್ ಮೋಸ ಹೋಗುತ್ತದೆ, ನಿಮ್ಮ ವಹಿಯ ಅಂಕಿ ಮೋಸ ಹೋಗಲ್ಲ.

ಬಾಯಿಂದ ಬಾಯಿಗೆ ಹರಿದಾಡುವ ಮಾತುಗಳು

500ರ ಬದಲು 510 ರೂಪಾಯಿದು ಹಾಕಿಸಿದರೆ ಮೋಸ ಆಗಲ್ಲ ಅಂತಾರೆ. ಮೀಟರ್ ಅದೇ, ಒತ್ತುವ ಗುಂಡಿ ಬೇರೆ ಅಷ್ಟೇ. ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಲಾಭ ಅನ್ನುವುದೂ ಹಾಗೇ, ಟ್ಯಾಂಕ್ ನೆಲದಡಿ ಇದೆ, ದಿನದ ಬಿಸಿಲಿಗೆ ಅಲ್ಲಿ ಹೆಚ್ಚೇನೂ ಬದಲಾಗಲ್ಲ. ಮೀಟರ್ ಸೊನ್ನೆಯಿಂದ ಒಮ್ಮೆಲೇ ಏಳೆಂಟು ರೂಪಾಯಿಗೆ ಹಾರಿತು ಅನ್ನುವವರು ಒಂದು ಲೆಕ್ಕ ಮಾಡಿ ನೋಡಿ: ನಿಮಿಷಕ್ಕೆ 40 ಲೀಟರ್ ವೇಗದಲ್ಲಿ ಬಿದ್ದರೆ ಸೆಕೆಂಡಿಗೆ ಅರವತ್ತು ರೂಪಾಯಿ ಮೇಲೆ ಓಡುತ್ತದೆ, ಕಣ್ಣಿಗೆ ಒಂದೊಂದೇ ಅಂಕಿ ಕಾಣಲ್ಲ. ಆದರೆ ಶುರುವಿನಲ್ಲಿ ಸೊನ್ನೆ ನೋಡದೆ ಫೋನಿನಲ್ಲಿ ಮುಳುಗಿದ್ದರೆ ಮಾತ್ರ ಹೇಳೋಕೆ ಏನೂ ಉಳಿಯಲ್ಲ. ಹಿಂದಿನವನ 200ರ ಮೇಲೆ ನಿಮ್ಮದು ಮುಂದುವರಿಸುವ ಹಳೇ ಕೈಚಳಕಕ್ಕೆ ಚಿಪ್ಪೂ ಬೇಕಿಲ್ಲ, ರಿಮೋಟೂ ಬೇಕಿಲ್ಲ.

ರಿಸರ್ವ್ ಎಷ್ಟಿದೆ ಅಂತ ತಿಳಿಯೋದು

ಖಾಲಿಯಾಗುವ ತನಕ ಓಡಿಸಿ ನೋಡಬೇಡಿ. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಮುಗಿದರೆ ಕಾರು ಬ್ಯಾಟರಿ ಮೇಲೆ ಇನ್ನೊಂದು ಚೂರು ಹೋಗುತ್ತದೆ, ಅದೇ ಅಪಾಯ. ಟೊಯೋಟಾ ಥರದ ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸಿ ಶುರು ಮಾಡುವುದೂ ಆ ದೊಡ್ಡ ಬ್ಯಾಟರಿಯೇ. ಅದನ್ನೂ ಬಸಿದುಬಿಟ್ಟರೆ ಕ್ಯಾನಿನಲ್ಲಿ ಪೆಟ್ರೋಲ್ ತಂದು ಸುರಿದರೂ ಕಾರು ಏಳಲ್ಲ, ಟೋಯಿಂಗ್ ಗಾಡಿಗೇ ಫೋನ್ ಮಾಡಬೇಕಾಗುತ್ತದೆ.

ಸರಿಯಾದ ದಾರಿ ಸುಲಭ. ರಿಸರ್ವ್ ದೀಪ ಹತ್ತಿದ ಕೂಡಲೇ ಮೊದಲ ಕಟ್‌ವರೆಗೆ ಫುಲ್ ಮಾಡಿಸಿ. 45 ಲೀಟರ್ ಟ್ಯಾಂಕಿಗೆ 37 ಹಿಡಿಯಿತು ಅಂದರೆ ದೀಪ ಹತ್ತಿದಾಗ ಹೆಚ್ಚುಕಡಿಮೆ 8 ಲೀಟರ್ ಇತ್ತು. ಎರಡು ಮೂರು ಸಲ ಹೀಗೆ ನೋಡಿ, ಬಂದ ರಿಸರ್ವ್ ಅಂಕಿಗಳಲ್ಲಿ ಕಡಿಮೆಯದನ್ನು ನಂಬಿ. "ಇನ್ನು ಇಷ್ಟು ಕಿ.ಮೀ. ಹೋಗಬಹುದು" ಅಂತ ಡಿಸ್‌ಪ್ಲೇ ಹೇಳುವುದು ನೀವು ಈವರೆಗೆ ಓಡಿಸಿದ ರೀತಿಯ ಮೇಲೆ. ವಾರವೆಲ್ಲ ಕೇಶ್ವಾಪುರ, ಗೋಕುಲ ರೋಡ್ ಅಂತ ನಿಧಾನ ಓಡಿಸಿ ಭಾನುವಾರ ಹೆದ್ದಾರಿ ಹತ್ತಿದರೆ ಆ ಅಂಕಿ ನೀವು ಓಡಿದ್ದಕ್ಕಿಂತ ಬೇಗ ಕರಗುತ್ತದೆ.

ಕಮ್ಮಿ ಅಂತ ಗೊತ್ತಾದರೆ

ಕ್ಯಾನ್ ಅಳತೆಯಲ್ಲಿ 25 ಮಿಲಿಗಿಂತ ಜಾಸ್ತಿ ಕಡಿಮೆ ಬಂದರೆ ಆ ನಾಜಲ್‌ನಿಂದ ಮಾರಾಟ ನಿಲ್ಲಿಸಬೇಕು ಅಂತ ಕೇಳಿ, ದೂರು ಪುಸ್ತಕದಲ್ಲಿ ಬರೆಯಿರಿ. ಪುಸ್ತಕ ಕೊಡಲ್ಲ ಅಂದರೆ ಬೋರ್ಡ್ ಮೇಲೆ ತೈಲ ಕಂಪನಿಯ ಸೇಲ್ಸ್ ಆಫೀಸರ್ ನಂಬರ್ ಇರುತ್ತದೆ, ಅಲ್ಲೇ ನಿಂತು ಫೋನ್ ಮಾಡಿ. ಪಂಪಿನ ಯಂತ್ರಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಸೀಲ್ ಹಾಕುವುದು ಕಾನೂನು ಮಾಪನಶಾಸ್ತ್ರ ಇಲಾಖೆ, ಸೀಲ್ ಒಡೆದಿದ್ದು ಕಂಡರೆ ಫೋಟೋ ಸಮೇತ ಅವರಿಗೆ ತಿಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಬಿಲ್, ಸಮಯ, ನಾಜಲ್ ನಂಬರ್ ಇರಲಿ. ನಿಮ್ಮ ಹತ್ತಿರ ವಹಿಯ ಅಂಕಿ ಮಾತ್ರ ಇದ್ದು ಕ್ಯಾನಿನಲ್ಲಿ ಸರಿ ಬಂದಿದ್ದರೆ ಪಂಪಿನವರ ಜೊತೆ ವಾದಕ್ಕೆ ಇಳಿಯಬೇಡಿ. ಆ ಪುಟಗಳ ಫೋಟೋ ತೆಗೆದು ಇಲಾಖೆಗೆ ಕೊಡಿ, ಪೆಟ್ರೋಲ್ ಬೇರೆ ಕಡೆ ಹಾಕಿಸಿ.